ಅಂಬಾಸಿಡರ್ ಪೆಟ್ರೋಲ್ ಎಂಜಿನ್: ಟೈಮಿಂಗ್ ತಪ್ಪಿದೆ ಎನ್ನುವ ಮುನ್ನ ನೋಡಬೇಕಾದ್ದು

ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ, ಬಿಸಿಯಾದ ಮೇಲೆ ಸ್ಟಾರ್ಟರ್ ಒದ್ದಂತಾಗುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಢಮ್ ಎನ್ನುತ್ತದೆ. ಇಂಥ ಯಾವ ದೂರು ಬಂದರೂ ಮೊದಲು ಕೈ ಹೋಗುವುದು ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಲ್ಯಾಂಪ್ ಬೋಲ್ಟಿಗೆ. ಅದನ್ನು ಸಡಿಲಿಸಿ, ಅತ್ತಿತ್ತ ತಿರುಗಿಸಿ, ಸದ್ದು ಚೆನ್ನಾಗಿ ಕೇಳಿಸಿದ ಕಡೆ ಬಿಗಿದುಬಿಡುತ್ತಾರೆ. ಆ ದಿನಕ್ಕೆ ಗಾಡಿ ಸರಿಹೋದಂತೆ ಕಾಣುತ್ತದೆ, ಕೆಲವು ದಿನಕ್ಕೆ ಅದೇ ದೂರು ಮರಳುತ್ತದೆ. ಸವೆದ ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟ್ ಕೂಡಿಸಿ ಕಡಿಯುವ ಸಂಪರ್ಕ), ಹಿಡಿದುಕೊಂಡ ಅಡ್ವಾನ್ಸ್ ತೂಕ, ತೂತಾದ ವ್ಯಾಕ್ಯೂಮ್ ಡಯಾಫ್ರಮ್ ಹಾಗೇ ಉಳಿದಿದ್ದು, ತಿರುಗಿಸಿದ್ದು ಅದನ್ನು ಮರೆಮಾಚಿದ್ದಷ್ಟೇ. ಟೈಮಿಂಗ್, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು, ಹೊಂದಿಸುವುದು ಇಗ್ನಿಷನ್ ಕೆಲಸದಲ್ಲಿ ಕೊನೆಯ ಹೆಜ್ಜೆ. ಅದನ್ನು ಮೊದಲಿಗೆ ತಂದರೆ ಉಳಿದ ಎಲ್ಲ ಹೆಜ್ಜೆಯೂ ದಾರಿ ತಪ್ಪುತ್ತದೆ.

ಇಲ್ಲಿ ಹೇಳುವುದೆಲ್ಲ 1489 ಸಿಸಿ ಓವರ್‌ಹೆಡ್ ವಾಲ್ವ್ ಪೆಟ್ರೋಲ್ ಎಂಜಿನ್ನಿನ ಬಗ್ಗೆ. 1959ರಲ್ಲಿ ಹಳೆಯ 1476 ಸಿಸಿ ಸೈಡ್‌ವಾಲ್ವ್ ಎಂಜಿನ್ನಿನ ಜಾಗಕ್ಕೆ ಬಂದ, ಬಿಎಂಸಿ ಬಿ-ಸೀರೀಸ್ ಮನೆತನದ ಎಂಜಿನ್ ಇದು. 1990ರ ದಶಕದಲ್ಲಿ ಬಂದ 1.8 ಲೀಟರ್ ಇಸುಜು ಎಂಜಿನ್ನಿಗೆ ಈ ಅಂಕಿಗಳನ್ನು ಹಾಕಬೇಡಿ. ಪ್ರೀಮಿಯರ್ ಪದ್ಮಿನಿ ಕಾರಿಗೂ ಬೇಡ.

ನೆನಪಿನಲ್ಲಿರಬೇಕಾದ ಮೂಲ ಸಂಗತಿಗಳು ಇಷ್ಟು. ಒಂದನೇ ಸಿಲಿಂಡರ್ ರೇಡಿಯೇಟರ್ ಪಕ್ಕದ್ದು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ, 1-3-4-2. ಮುಂದಿನಿಂದ ನೋಡಿದರೆ ಕ್ರ್ಯಾಂಕ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಕ್ಯಾಪ್ ಇರುವ ಬದಿಯಿಂದ ನೋಡಿದರೆ ರೋಟರ್ ಅದಕ್ಕೆ ವಿರುದ್ಧ ದಿಕ್ಕಿಗೆ, ಅಂದರೆ ಎಡಕ್ಕೆ ಸುತ್ತುತ್ತದೆ. ಹಾಗಾಗಿ ಡಿಸ್ಟ್ರಿಬ್ಯೂಟರ್ ಮೈಯನ್ನು ಬಲಕ್ಕೆ ತಿರುಗಿಸಿದರೆ ಕಿಡಿ ಬೇಗ ಬರುತ್ತದೆ (ಅಡ್ವಾನ್ಸ್), ಎಡಕ್ಕೆ ತಿರುಗಿಸಿದರೆ ತಡವಾಗುತ್ತದೆ (ರಿಟಾರ್ಡ್). ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಅಲ್ಲಿ ಮೈಯನ್ನು 1 ಡಿಗ್ರಿ ಅಲುಗಿಸಿದರೆ ಕ್ರ್ಯಾಂಕ್ ಲೆಕ್ಕದಲ್ಲಿ 2 ಡಿಗ್ರಿ ಹೋಯಿತು. ಬರಿಗೈಯಲ್ಲಿ ತಿರುಗಿಸಿದಾಗ ಗುರಿ ತಪ್ಪುವುದು ಇದರಿಂದಲೇ.

ಲಕ್ಷಣ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಪೆಟ್ರೋಲ್ ಹೊತ್ತಿಕೊಳ್ಳಲು ಸಮಯ ಬೇಕು. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗಿಬಿಡುತ್ತದೆ, 600ರಲ್ಲಿ ಬರೀ 3.6 ಡಿಗ್ರಿ. ಪಿಸ್ಟನ್ ಮೇಲ್ತುದಿ ದಾಟಿ ಸ್ವಲ್ಪ ಕೆಳಗಿಳಿದಾಗ ಒತ್ತಡ ಗರಿಷ್ಠಕ್ಕೆ ಬರಬೇಕು. ಅದಕ್ಕಾಗಿ ಕಿಡಿಯನ್ನು ಮೇಲ್ತುದಿಗೆ ಮೊದಲೇ ಕೊಡುತ್ತೇವೆ, ವೇಗ ಹೆಚ್ಚಿದಂತೆ ಇನ್ನೂ ಮೊದಲೇ ಕೊಡುತ್ತೇವೆ.

ಕಿಡಿ ಬೇಗ ಬಂದರೆ ಮೇಲೇರುತ್ತಿರುವ ಪಿಸ್ಟನ್ ತಲೆಗೇ ಏಟು ಬೀಳುತ್ತದೆ. ಟಾಪ್ ಗೇರಿನಲ್ಲಿ ಏರು ಹತ್ತುವಾಗ ಗಾಜಿನ ಗೋಲಿ ಅಲುಗಿಸಿದಂತೆ ಕಿಣಿಕಿಣಿ ಸದ್ದು ಬರುತ್ತದೆ. ಬಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ ಸ್ಟಾರ್ಟರ್ ತಡೆದು ತಡೆದು ತಿರುಗುತ್ತದೆ, ಕೈಯಿಂದ ಎಂಜಿನ್ ತಿರುಗಿಸುವ ಹ್ಯಾಂಡಲ್ ಹಾಕಿದರೆ ತಿರುಗಿ ಹೊಡೆಯುತ್ತದೆ. ಕಿಡಿ ತಡವಾದರೆ ಪೆಟ್ರೋಲ್ ಉರಿಯುತ್ತಲೇ ಎಕ್ಸಾಸ್ಟಿಗೆ ಹೋಗುತ್ತದೆ. ಪಿಕಪ್ ಮಂಕಾಗುತ್ತದೆ, ಮೈಲೇಜ್ ಬೀಳುತ್ತದೆ, ರೇಡಿಯೇಟರ್ ಚೆನ್ನಾಗಿದ್ದರೂ ನೀರು ಬಿಸಿಯಾಗುತ್ತದೆ, ರಾತ್ರಿ ಬಾನೆಟ್ ತೆರೆದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಗೆ ಕಂಡರೂ ಕಾಣಬಹುದು.

ಇಷ್ಟರಲ್ಲಿ ಒಂದೂ ಟೈಮಿಂಗಿನದೇ ಎಂದು ಖಚಿತವಾಗಿ ಹೇಳಲು ಬಾರದು. ಕಿಣಿಕಿಣಿ ಸದ್ದು ಹೆಡ್ಡಿನಲ್ಲಿ ಕಾರ್ಬನ್ ಕಟ್ಟಿದ್ದರೂ ಬರುತ್ತದೆ, ಮಿಶ್ರಣ ತೆಳುವಾದರೂ (ಗಾಳಿಗೆ ಪೆಟ್ರೋಲ್ ಕಡಿಮೆಯಾದರೂ) ಬರುತ್ತದೆ. ಮಂಕು ಪಿಕಪ್ಪಿಗೆ ಕಂಪ್ರೆಷನ್ ಇಳಿದಿದ್ದು, ಬ್ರೇಕ್ ಹಿಡಿದುಕೊಂಡಿದ್ದು, ಕ್ಲಚ್ ಜಾರುತ್ತಿರುವುದು ಕೂಡ ಕಾರಣ. ಕಾರ್ಬ್ಯುರೇಟರಿನಿಂದ ಹಿಮ್ಮುಖವಾಗಿ ಬೆಂಕಿ ಉಗುಳಿದರೆ ತೆಳು ಮಿಶ್ರಣವೋ, ಹಿಡಿದುಕೊಂಡ ಇನ್ಲೆಟ್ ವಾಲ್ವೋ, ಅದಲುಬದಲಾದ ಪ್ಲಗ್ ವಯರೋ ಆಗಿರುವ ಸಾಧ್ಯತೆಯೇ ಹೆಚ್ಚು. ಕೀ ಆಫ್ ಮಾಡಿದ ಮೇಲೂ ಎಂಜಿನ್ ಗುದ್ದಾಡುತ್ತ ಓಡಿದರೆ ಹೆಚ್ಚಾಗಿ ಐಡ್ಲಿಂಗ್ ಜಾಸ್ತಿ ಇದೆ ಅಥವಾ ಕಾರ್ಬನ್ ಕಾದು ಕೆಂಡವಾಗಿದೆ.

ಆದ್ದರಿಂದ ಮೊದಲು ವಾಲ್ವ್ ಸಂದು ನೋಡಿ: 0.015 ಇಂಚು, ಅಂದರೆ 0.38 ಮಿಮೀ. ಎಂಟನೇ ವಾಲ್ವ್ ಪೂರ್ತಿ ಒತ್ತಿದ್ದಾಗ ಒಂದನೆಯದು, ಏಳನೆಯದು ಒತ್ತಿದ್ದಾಗ ಎರಡನೆಯದು, ಹೀಗೆ ಎರಡರ ಮೊತ್ತ ಸದಾ 9 ಬರುವಂತೆ ಹೊಂದಿಸಿ. ಆಮೇಲೆ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ. ಅಂಕಿ ಎಷ್ಟು ಎನ್ನುವುದಕ್ಕಿಂತ ನಾಲ್ಕೂ ಒಂದಕ್ಕೊಂದು ಹತ್ತಿರ ಇವೆಯೇ ಎನ್ನುವುದು ಮುಖ್ಯ. ಒಂದು ಮಾತ್ರ ಬಹಳ ಕೆಳಗಿದ್ದರೆ ಇಗ್ನಿಷನ್ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಆ ಸಿಲಿಂಡರಿನ ವಾಲ್ವ್, ರಿಂಗ್, ಗ್ಯಾಸ್ಕೆಟ್ ನೋಡಿ. ಪ್ಲಗ್ ಸಂದು 0.025 ಇಂಚು, 0.64 ಮಿಮೀ.

ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ ಬದಲಾಯಿತು

ಇದೊಂದು ವಿಷಯ ಸರಿಯಾಗಿ ತಿಳಿದರೆ ಅರ್ಧ ತಲೆನೋವು ಕಳೆಯಿತು. ಕಿಡಿ ಹುಟ್ಟುವುದು ಪಾಯಿಂಟ್ ಬಿಚ್ಚಿಕೊಂಡ ಕ್ಷಣದಲ್ಲಿ. ಗ್ಯಾಪ್ ಹೆಚ್ಚಿದ್ದರೆ ಕ್ಯಾಮ್ ಏಣು ಪಾಯಿಂಟ್ ಹಿಮ್ಮಡಿಯನ್ನು ಬೇಗ ಮುಟ್ಟುತ್ತದೆ, ಕಿಡಿ ಬೇಗ ಬರುತ್ತದೆ. ಗ್ಯಾಪ್ ಕಡಿಮೆಯಾದರೆ ಕಿಡಿ ತಡ. ಡ್ವೆಲ್ ಎಂದರೆ ಪಾಯಿಂಟ್ ಮುಚ್ಚಿರುವಷ್ಟು ಹೊತ್ತು ಕ್ಯಾಮ್ ತಿರುಗುವ ಕೋನ. ಡ್ವೆಲ್ ಮೀಟರಿನಲ್ಲಿ 1 ಡಿಗ್ರಿ ಡ್ವೆಲ್ ಹೆಚ್ಚಿದರೆ ಟೈಮಿಂಗ್ ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು 1 ಡಿಗ್ರಿ ಹಿಂದೆ ಬೀಳುತ್ತದೆ. ಆದ್ದರಿಂದ ಮೊದಲು ಟೈಮಿಂಗ್ ಹೊಂದಿಸಿ ನಂತರ ಪಾಯಿಂಟ್ ಸರಿಮಾಡಿದರೆ ಮೊದಲಿನ ಕೆಲಸ ವ್ಯರ್ಥ.

ಕಾಲಕ್ರಮದಲ್ಲಿ ಆಗುವುದೂ ಇದೇ. ಪಾಯಿಂಟಿನ ಫೈಬರ್ ಹಿಮ್ಮಡಿ ಕ್ಯಾಮಿಗೆ ಉಜ್ಜಿ ಸವೆಯುತ್ತದೆ, ಗ್ಯಾಪ್ ಕಿರಿದಾಗುತ್ತ ಹೋಗುತ್ತದೆ, ಗಾಡಿ ದಿನದಿಂದ ದಿನಕ್ಕೆ ಮಂಕಾಗುತ್ತದೆ. ಓಡಿಸುವವರಿಗೆ ಒಂದೇ ದಿನ ಗೊತ್ತಾಗುವುದಿಲ್ಲ. ಕ್ಯಾಮಿಗೆ ಗ್ರೀಸ್ ಹಚ್ಚದೆ ಹೊಸ ಪಾಯಿಂಟ್ ಹಾಕಿದರೆ ಈ ಸವೆತ ಬಹಳ ಬೇಗ ಆಗುತ್ತದೆ. ಬೆಂಕಿಕಡ್ಡಿ ತುದಿಯಲ್ಲಿ ಹಿಡಿಸುವಷ್ಟು ಗ್ರೀಸ್ ಸಾಕು. ಹೆಚ್ಚಾದರೆ ಹಾರಿ ಪಾಯಿಂಟ್ ಮೇಲೆ ಬಿದ್ದು ಸುಡುತ್ತದೆ.

ಲೂಕಾಸ್ ಮಾದರಿಯ ಡಿಸ್ಟ್ರಿಬ್ಯೂಟರಿಗೆ ಗ್ಯಾಪ್ 0.014ರಿಂದ 0.016 ಇಂಚು, ಅಂದರೆ 0.36ರಿಂದ 0.41 ಮಿಮೀ. ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುತ್ತ, ಹಿಮ್ಮಡಿ ಕ್ಯಾಮಿನ ಏಣಿನ ನೆತ್ತಿಯ ಮೇಲೆ ಬಂದಾಗ ಅಳೆಯಿರಿ. ಫೀಲರ್ ಗೇಜ್ ಸ್ವಲ್ಪ ತಡೆಯೊಂದಿಗೆ ಜಾರಬೇಕು, ಪಾಯಿಂಟನ್ನು ತಳ್ಳಬಾರದು. ಹಳೆಯ ಪಾಯಿಂಟಿನಲ್ಲಿ ಒಂದು ಬದಿಗೆ ಗುಬ್ಬಿ, ಇನ್ನೊಂದು ಬದಿಗೆ ಗುಳಿ ಬಿದ್ದಿರುತ್ತದೆ. ಆಗ ಗೇಜ್ ಗುಬ್ಬಿಯ ನೆತ್ತಿಯಿಂದ ಅಳೆದು ಸುಳ್ಳು ಅಂಕಿ ಕೊಡುತ್ತದೆ, ನಿಜವಾದ ಗ್ಯಾಪ್ ಅದಕ್ಕಿಂತ ಹೆಚ್ಚಿರುತ್ತದೆ. ಅಂಥದನ್ನು ಉಜ್ಜಿ ಬಳಸುವುದಕ್ಕಿಂತ ಹೊಸದು ಹಾಕುವುದು ಲೇಸು. ಡ್ವೆಲ್ ಮೀಟರ್ ಇದ್ದರೆ 60 ಡಿಗ್ರಿ, ಮೂರು ಆಚೀಚೆ ಇರಬಹುದು.

ನಾಲ್ಕು ಏಣುಗಳಲ್ಲೂ ಅಳೆಯಿರಿ. ಒಂದಕ್ಕೂ ಇನ್ನೊಂದಕ್ಕೂ 0.002 ಇಂಚಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಕ್ಯಾಮ್ ಸವೆದಿದೆ ಅಥವಾ ಶಾಫ್ಟ್ ಬುಷ್ ಹೋಗಿದೆ. ಪಾಯಿಂಟ್ ಬಿಚ್ಚಿಕೊಂಡಿರುವಾಗ ರೋಟರ್ ಕೂರುವ ಶಾಫ್ಟನ್ನು ಬೆರಳಲ್ಲಿ ಅಡ್ಡಡ್ಡ ಅಲುಗಿಸಿ. ಗ್ಯಾಪ್ ಕಣ್ಣಿಗೆ ಕಾಣುವಷ್ಟು ಬದಲಾದರೆ ಬುಷ್ ಬದಲಿಸದೆ ಯಾವ ಟೈಮಿಂಗೂ ನಿಲ್ಲುವುದಿಲ್ಲ, ಏಕೆಂದರೆ ನಾಲ್ಕು ಸಿಲಿಂಡರಿಗೂ ಟೈಮಿಂಗ್ ಬೇರೆಬೇರೆಯಾಗಿರುತ್ತದೆ.

ಹೊಸ ಪಾಯಿಂಟ್ ಹಾಕಿದ ಕೂಡಲೇ ಕಿಡಿಯೇ ಇಲ್ಲವೆಂದರೆ ಎರಡು ಕಡೆ ನೋಡಿ. ಒಂದು, ತುಕ್ಕು ಹಿಡಿಯದಿರಲೆಂದು ಪಾಯಿಂಟಿಗೆ ಹಚ್ಚಿದ ಎಣ್ಣೆ ಪೊರೆ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯ ಚೂರಿನಿಂದ ಒರೆಸಿ. ಎರಡು, ಕಂಡೆನ್ಸರ್ (ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವುದು) ವಯರ್ ಮತ್ತು ಕಾಯಿಲಿನಿಂದ ಬರುವ ವಯರ್ ಕೂರುವ ಇನ್ಸುಲೇಟರ್. ಎರಡೂ ತುದಿ ಪಾಯಿಂಟಿನ ಸ್ಪ್ರಿಂಗಿಗೆ ತಾಗಬೇಕು, ನಡುವಿನ ಲೋಹದ ಕಂಬಕ್ಕೆ ತಾಗಬಾರದು. ವಾಷರ್ ಹಿಂದುಮುಂದಾದರೆ ಕರೆಂಟ್ ಸೀದಾ ಅರ್ತಿಗೆ ಹೋಗುತ್ತದೆ, ಪಾಯಿಂಟ್ ಬಿಚ್ಚಿದ್ದೂ ಬಿಚ್ಚದ್ದೂ ಒಂದೇ ಆಗುತ್ತದೆ.

ಕಂಡೆನ್ಸರ್, ಕಾಯಿಲ್, ರೋಟರ್

ಎಂಜಿನ್ ಓಡುವಾಗ ಪಾಯಿಂಟಿನಲ್ಲಿ ದಪ್ಪ ನೀಲಿ ಕಿಡಿ ಕಾಣುತ್ತಿದ್ದರೆ, ಪಾಯಿಂಟ್ ಮುಖ ಕರಿಬಡಿಯುತ್ತಿದ್ದರೆ ಕಂಡೆನ್ಸರ್ ಮೇಲೆ ಸಂಶಯ ಪಡಿ. ಇದರ ಅಳತೆ 0.18ರಿಂದ 0.24 ಮೈಕ್ರೋಫ್ಯಾರಡ್. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಕೈಕೊಡುವುದು ಇದರ ಗುಣ. ಆದ್ದರಿಂದ ಮೀಟರಿನಲ್ಲಿ ಸರಿ ಬಂತೆಂದು ಬಿಡಬೇಡಿ, ಚೆನ್ನಾಗಿದೆಯೆಂದು ಗೊತ್ತಿರುವ ಇನ್ನೊಂದನ್ನು ಹಾಕಿ ಓಡಿಸಿ ನೋಡಿ.

ಬ್ಯಾಲಸ್ಟ್ (ಕರೆಂಟ್ ತಗ್ಗಿಸುವ ರೆಸಿಸ್ಟರ್) ಇಲ್ಲದ 12 ವೋಲ್ಟ್ ಕಾಯಿಲಿನ ಪ್ರೈಮರಿ ಸುಮಾರು 3 ಓಮ್ ತೋರಿಸಬೇಕು. 1.5 ಓಮ್ ತೋರಿಸಿದರೆ ಅದು ಬ್ಯಾಲಸ್ಟ್ ರೆಸಿಸ್ಟರಿನೊಂದಿಗೆ ಬಳಸುವ ಕಾಯಿಲ್. ರೆಸಿಸ್ಟರ್ ಇಲ್ಲದೆ ಹಾಕಿದರೆ ಪಾಯಿಂಟಿಗೆ ಎರಡರಷ್ಟು ಕರೆಂಟ್ ಹರಿದು ಮತ್ತೆ ಮತ್ತೆ ಸುಡುತ್ತದೆ. ಅಂಗಡಿಯಲ್ಲಿ ಕೊಟ್ಟ ಕಾಯಿಲನ್ನು ಕೂರಿಸುವ ಮೊದಲು ಅಳೆಯುವ ಅಭ್ಯಾಸ ಇರಲಿ.

ರೋಟರಿನ ಹಿತ್ತಾಳೆ ತಗಡಿಗೂ ಕೆಳಗಿನ ಶಾಫ್ಟಿಗೂ ನಡುವಿನ ಪ್ಲಾಸ್ಟಿಕ್ ಬಿರುಕು ಬಿಟ್ಟರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಶಾಫ್ಟಿನಿಂದ ಅರ್ತಿಗೆ ಇಳಿಯುತ್ತದೆ. ಬಿಸಿಯಾದಾಗ, ಲೋಡ್ ಬಿದ್ದಾಗ ಮಾತ್ರ ಮಿಸ್ಸಿಂಗ್ ಬರುವುದರಿಂದ ಇದನ್ನು ಟೈಮಿಂಗ್ ದೋಷವೆಂದು ತಿಳಿಯುವುದು ಬಹಳ ಸಾಮಾನ್ಯ. ಕ್ಯಾಪ್ ಒಳಗೆ ಕಪ್ಪು ಗೀರು ಓಡಿದ್ದರೆ ಅದೂ ಅಷ್ಟೇ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಈ ಗೀರನ್ನೇ.

ಅಡ್ವಾನ್ಸ್ ವ್ಯವಸ್ಥೆ ಜೀವಂತವಾಗಿದೆಯೇ?

ನಾವು ಕೈಯಲ್ಲಿ ಹೊಂದಿಸುವುದು ಆರಂಭದ ಟೈಮಿಂಗ್ ಮಾತ್ರ. ಅದರ ಮೇಲೆ ಡಿಸ್ಟ್ರಿಬ್ಯೂಟರಿನ ಒಳಗಿನ ತೂಕಗಳು ವೇಗಕ್ಕೆ ತಕ್ಕಂತೆ ಅಡ್ವಾನ್ಸ್ ಸೇರಿಸುತ್ತವೆ, ವ್ಯಾಕ್ಯೂಮ್ ಡಬ್ಬಿ ಹಗುರ ಲೋಡಿನಲ್ಲಿ ಇನ್ನಷ್ಟು ಸೇರಿಸುತ್ತದೆ. ಇವು ಸತ್ತಿದ್ದರೆ ಆರಂಭದ ಟೈಮಿಂಗ್ ಎಷ್ಟು ಕರಾರುವಾಕ್ಕಾಗಿದ್ದರೂ ಗಾಡಿ ಎಳೆಯುವುದಿಲ್ಲ. ಆಗ ತಿರುಗಿಸಿ ತಿರುಗಿಸಿ ಆರಂಭದ ಅಂಕಿಯನ್ನು ಏರಿಸಿದರೆ ವೇಗದಲ್ಲಿ ಸರಿಹೋಗುತ್ತದೆ, ಸ್ಟಾರ್ಟ್ ಮಾಡುವಾಗ ಒದೆಯುತ್ತದೆ. ಈ ಎರಡೂ ದೂರು ಒಟ್ಟಿಗಿದ್ದರೆ ತೂಕಗಳೇ ಹಿಡಿದುಕೊಂಡಿವೆ ಎಂದು ಹೆಚ್ಚುಕಡಿಮೆ ನಿಶ್ಚಯಿಸಬಹುದು.

ಪರೀಕ್ಷೆ ಸುಲಭ. ಕ್ಯಾಪ್ ತೆಗೆದು ರೋಟರನ್ನು ಅದು ಸುತ್ತುವ ದಿಕ್ಕಿಗೆ, ಎಡಕ್ಕೆ, ತಿರುವಿ ಬಿಡಿ. ಸ್ವಲ್ಪ ಹೋಗಿ ಸ್ಪ್ರಿಂಗಿನ ಬಲಕ್ಕೆ ಟಕ್ಕನೆ ಮರಳಬೇಕು. ಅಲುಗದಿದ್ದರೆ ತುಕ್ಕು ಹಿಡಿದಿದೆ. ಅಲುಗಿ ಮರಳದಿದ್ದರೆ ಸ್ಪ್ರಿಂಗ್ ಮುರಿದಿದೆ ಅಥವಾ ಎಳೆದುಕೊಂಡಿದೆ. ರೋಟರ್ ತೆಗೆದರೆ ಕಾಣುವ ಸ್ಕ್ರೂ ತಲೆಯ ಮೇಲೆ ಎರಡು ಹನಿ ಎಂಜಿನ್ ಆಯಿಲ್ ಬಿಡಬೇಕೆಂಬ ಹಳೆಯ ಸರ್ವಿಸ್ ಕ್ರಮವನ್ನು ಬಹಳ ಮಂದಿ ಮರೆತಿದ್ದಾರೆ. ಆ ಎರಡು ಹನಿ ಬಿದ್ದಿದ್ದರೆ ಈ ತುಕ್ಕು ಬರುವುದೇ ಇಲ್ಲ.

ವ್ಯಾಕ್ಯೂಮ್ ಡಬ್ಬಿಗೆ: ಕಾರ್ಬ್ಯುರೇಟರ್ ಬದಿಯ ಪೈಪ್ ಕಳಚಿ ಬಾಯಲ್ಲಿ ಎಳೆಯಿರಿ. ಪಾಯಿಂಟ್ ಕೂರಿರುವ ತಟ್ಟೆ ಅಲುಗಬೇಕು, ನಾಲಿಗೆಯಿಂದ ತುದಿ ಮುಚ್ಚಿದರೆ ಅಲ್ಲೇ ನಿಲ್ಲಬೇಕು. ಮೆಲ್ಲಗೆ ಹಿಂದಕ್ಕೆ ಬಂದರೆ ಡಯಾಫ್ರಮ್ ತೂತು. ಅದರಿಂದ ಒಂದೇ ವೇಗದಲ್ಲಿ ಹಾಯಾಗಿ ಓಡುವಾಗಿನ ಮೈಲೇಜ್ ಹೋಗುತ್ತದೆ, ಗಾಳಿ ಸೋರಿ ಮಿಶ್ರಣವೂ ತೆಳುವಾಗುತ್ತದೆ.

ತಟ್ಟೆಯನ್ನು ಹೀಗೆ ಅಲುಗಿಸುವಾಗ ಒಳಗಿನ ಎರಡು ಚಿಕ್ಕ ವಯರುಗಳನ್ನು ಚೆನ್ನಾಗಿ ನೋಡಿ. ಒಂದು ಪಾಯಿಂಟಿಗೆ ಹೋಗುವುದು, ಇನ್ನೊಂದು ತಟ್ಟೆಯನ್ನು ಮೈಗೆ ಅರ್ತ್ ಮಾಡುವ ಎಳೆ. ತಟ್ಟೆ ದಿನವಿಡೀ ಅಲುಗುತ್ತಿರುವುದರಿಂದ ಒಳಗಿನ ತಂತಿ ಎಳೆಗಳು ಮುರಿಯುತ್ತವೆ, ಹೊರಗಿನ ಬಟ್ಟೆ ಹೊದಿಕೆ ಮಾತ್ರ ಹಾಗೇ ಕಾಣುತ್ತದೆ. ಐಡ್ಲಿಂಗಿನಲ್ಲಿ ಗಾಡಿ ಚೆನ್ನಾಗಿರುತ್ತದೆ, ಆಕ್ಸಿಲರೇಟರ್ ಕೊಟ್ಟ ಕೂಡಲೇ ಒಂದು ಕ್ಷಣ ಸತ್ತು ಬದುಕುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದರೂ ಹೋಗದ ಇಂಥ ಎಡವುವಿಕೆಗೆ ಬಹಳ ಸಲ ಕಾರಣ ಈ ಒಂದು ಅಂಗುಲ ವಯರು.

ಗುರುತು ನಿಜವೇ?

ಕ್ರ್ಯಾಂಕ್ ಪುಲ್ಲಿಯ ಅಂಚಿನಲ್ಲಿ ಒಂದು ಕಚ್ಚು, ಟೈಮಿಂಗ್ ಕವರಿನಲ್ಲಿ ಮುಳ್ಳುಗಳು. ಎಲ್ಲಕ್ಕಿಂತ ಉದ್ದದ ಮುಳ್ಳು ಮೇಲ್ತುದಿ, ಅಂದರೆ ಟಿಡಿಸಿ. ಉಳಿದವು ಅದಕ್ಕಿಂತ ಮೊದಲಿನ 5 ಮತ್ತು 10 ಡಿಗ್ರಿ. ಈ ಮುಳ್ಳುಗಳು ಪುಲ್ಲಿಯ ಕೆಳಭಾಗದಲ್ಲಿದ್ದರೆ ಗಾಡಿಯ ಕೆಳಗಿನಿಂದಲೇ ನೋಡಬೇಕು. ಮೊದಲು ಎಣ್ಣೆ ಮಣ್ಣು ಒರೆಸಿ, ಕಚ್ಚಿಗೂ ಉದ್ದದ ಮುಳ್ಳಿಗೂ ಬಿಳಿ ಬಣ್ಣ ಹಚ್ಚಿ.

ಕವರ್ ಅಥವಾ ಪುಲ್ಲಿ ಬೇರೆ ಎಂಜಿನ್ನಿನಿಂದ ಬಂದಿರಬಹುದು, ಆದ್ದರಿಂದ ಒಮ್ಮೆ ಪರೀಕ್ಷಿಸಿ. ಹಳೆಯ 14 ಮಿಮೀ ಪ್ಲಗ್ಗಿನ ಪಿಂಗಾಣಿ ತೆಗೆದು, ಅದರಲ್ಲಿ ತುದಿ ಉರುಟು ಮಾಡಿದ ಬೋಲ್ಟ್ ಕೂರಿಸಿದರೆ ಪಿಸ್ಟನ್ ತಡೆ ಸಿದ್ಧ. ಅದನ್ನು ಒಂದನೇ ಸಿಲಿಂಡರಿಗೆ ಹಾಕಿ, ಉಳಿದ ಪ್ಲಗ್ಗುಗಳನ್ನೆಲ್ಲ ತೆಗೆದು, ಕೈಯಿಂದ ಮೆಲ್ಲಗೆ ಕ್ರ್ಯಾಂಕ್ ತಿರುಗಿಸಿ. ಪಿಸ್ಟನ್ ತಡೆಗೆ ತಾಗಿ ನಿಂತಾಗ ಉದ್ದದ ಮುಳ್ಳಿನ ಎದುರು ಪುಲ್ಲಿಗೆ ಗುರುತು ಮಾಡಿ. ಹಿಂದಕ್ಕೆ ತಿರುಗಿಸಿ ಮತ್ತೆ ತಾಗಿದಾಗ ಇನ್ನೊಂದು ಗುರುತು. ಎರಡರ ನಟ್ಟನಡುವೆ ನಿಜವಾದ ಮೇಲ್ತುದಿ. ಕಚ್ಚು ಅಲ್ಲಿಲ್ಲದಿದ್ದರೆ ಹೊಸ ಗುರುತು ಕೊರೆಯಿರಿ. ಇಲ್ಲಿ ಸ್ಟಾರ್ಟರ್ ಬಳಸಬೇಡಿ, ಪಿಸ್ಟನ್ ತೂತಾಗುತ್ತದೆ.

ಡಿಗ್ರಿ ಗುರುತು ನೀವೇ ಮಾಡಬೇಕಿದ್ದರೆ ಪುಲ್ಲಿಯ ವ್ಯಾಸವನ್ನು 3.14ರಿಂದ ಗುಣಿಸಿ 360ರಿಂದ ಭಾಗಿಸಿ. 140 ಮಿಮೀ ವ್ಯಾಸಕ್ಕೆ 1 ಡಿಗ್ರಿ ಎಂದರೆ 1.22 ಮಿಮೀ, 10 ಡಿಗ್ರಿ ಎಂದರೆ 12.2 ಮಿಮೀ.

ಬಲ್ಬ್ ಇಟ್ಟು ಹೊಂದಿಸುವುದು

ಬೇಕಾದ್ದು 12 ವೋಲ್ಟಿನ 5 ವ್ಯಾಟ್ ಬಲ್ಬ್, ಎರಡು ವಯರ್, ಎರಡು ಕ್ಲಿಪ್. ಬ್ಯಾಟರಿಯ ಯಾವ ತುದಿ ಅರ್ತ್ ಆಗಿದ್ದರೂ ಬಲ್ಬಿಗೆ ವ್ಯತ್ಯಾಸವಿಲ್ಲ.

ನಾಲ್ಕೂ ಪ್ಲಗ್ ತೆಗೆಯಿರಿ. ಎಂಜಿನ್ ಹಗುರವಾಗಿ ತಿರುಗುತ್ತದೆ, ಇಗ್ನಿಷನ್ ಆನ್ ಇರುವಾಗ ಎಂಜಿನ್ ಹೊತ್ತಿಕೊಂಡು ಹ್ಯಾಂಡಲ್ ಹೊಡೆಯುವ ಅಪಾಯವೂ ಹೋಗುತ್ತದೆ. ಕಾಯಿಲಿನಿಂದ ಕ್ಯಾಪಿನ ನಡುವಿಗೆ ಬರುವ ದಪ್ಪ ವಯರನ್ನು ಕ್ಯಾಪಿನಿಂದ ಕಳಚಿ ಎಂಜಿನ್ ಲೋಹಕ್ಕೆ ಗಟ್ಟಿಯಾಗಿ ಅರ್ತ್ ಮಾಡಿ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುವಾಗ ಬಯಲಲ್ಲಿ ಕಿಡಿ ಹಾರಬಾರದು. ಪ್ಲಗ್ ಹಾಕಿಯೇ ಹ್ಯಾಂಡಲ್ ಹೊಡೆಯುವ ಸಂದರ್ಭ ಬಂದರೆ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಡಿ, ಹಿಡಿಯನ್ನು ಸುತ್ತಬೇಡಿ. ಅಡ್ವಾನ್ಸ್ ಹೆಚ್ಚಿರುವ ಎಂಜಿನ್ ಮಣಿಕಟ್ಟು ಮುರಿಯಬಲ್ಲದು.

ಒಂದನೇ ಸಿಲಿಂಡರ್ ಕಂಪ್ರೆಷನ್ ಹೊಡೆತದಲ್ಲಿ ಮೇಲೆ ಬರಬೇಕು. ಪ್ಲಗ್ ತೂತಿಗೆ ಬೆರಳಿಟ್ಟರೆ ಗಾಳಿ ತಳ್ಳುತ್ತದೆ. ಟ್ಯಾಪೆಟ್ ಕವರ್ ತೆಗೆದಿದ್ದರೆ ಇನ್ನೂ ಖಚಿತ: ಕಚ್ಚು ಉದ್ದದ ಮುಳ್ಳಿನ ಎದುರಿರುವಾಗ ನಾಲ್ಕನೇ ಸಿಲಿಂಡರಿನ ಎರಡೂ ವಾಲ್ವ್, ಅಂದರೆ 7 ಮತ್ತು 8, ಒಂದು ಮುಚ್ಚುತ್ತ ಇನ್ನೊಂದು ತೆರೆಯುತ್ತ ತೂಗುತ್ತಿರಬೇಕು.

ಎಷ್ಟು ಡಿಗ್ರಿ? ನಿಮ್ಮ ಎಂಜಿನ್ನಿನ ಕಂಪ್ರೆಷನ್ ರೇಷಿಯೋ ಮತ್ತು ಡಿಸ್ಟ್ರಿಬ್ಯೂಟರಿನ ಮೈಮೇಲೆ ಹೊಡೆದಿರುವ ನಂಬರಿಗೆ ಕಂಪನಿಯ ಕೈಪಿಡಿ ಕೊಟ್ಟ ಅಂಕಿಯೇ ಪ್ರಮಾಣ. ಕೈಪಿಡಿ ಸಿಗದಿದ್ದರೆ ಮೇಲ್ತುದಿಗೆ 5 ಡಿಗ್ರಿ ಮೊದಲು ಎಂಬಲ್ಲಿಂದ ಆರಂಭಿಸುವುದು ಕ್ಷೇಮ. ಗಾಡಿ ಸ್ವಲ್ಪ ಮಂಕಾಗಿರಬಹುದು, ಪಿಸ್ಟನ್ನಿಗೆ ಏಟು ಬೀಳುವುದಿಲ್ಲ.

ಕಚ್ಚನ್ನು ಆ ಅಂಕಿಗೆ ತನ್ನಿ. ತರುವಾಗ ಯಾವಾಗಲೂ ಎಂಜಿನ್ ತಿರುಗುವ ದಿಕ್ಕಿನಿಂದಲೇ ಬನ್ನಿ. ದಾಟಿ ಹೋದರೆ ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ, ಇಲ್ಲದಿದ್ದರೆ ಚೈನ್ ಮತ್ತು ಗೇರಿನ ಸಡಿಲ ನಿಮ್ಮ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಲೂಕಾಸ್ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಡಬ್ಬಿಯ ಎದುರು ಬದಿಯಲ್ಲಿ ಗೀರುಗೀರಾದ ಚಿಕ್ಕ ನಟ್ ಇದ್ದರೆ ಅದನ್ನು ಅಳತೆಪಟ್ಟಿಯ ಮಧ್ಯಕ್ಕೆ ತಂದಿಡಿ, ನಂತರ ಎರಡೂ ಕಡೆಗೆ ಜಾಗ ಸಿಗುತ್ತದೆ.

ಬಲ್ಬಿನ ಒಂದು ವಯರ್ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ತೆಳು ವಯರಿನ ಟರ್ಮಿನಲ್ಲಿಗೆ, ಇನ್ನೊಂದು ಅರ್ತಿಗೆ. ಕೀ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದರೆ ಬಲ್ಬ್ ಆರಿರುತ್ತದೆ, ಬಿಚ್ಚಿಕೊಂಡರೆ ಹತ್ತುತ್ತದೆ. ಕ್ಲ್ಯಾಂಪ್ ಸಡಿಲಿಸಿ ಮೈಯನ್ನು ಬಲ್ಬ್ ಆರುವ ತನಕ ಎಡಕ್ಕೆ ತಿರುಗಿಸಿ. ರೋಟರನ್ನು ಬೆರಳಿನಿಂದ ಬಲಕ್ಕೆ ಒತ್ತಿ ಹಿಡಿದು ಒಳಗಿನ ಸಡಿಲ ತೆಗೆದು, ಮೈಯನ್ನು ಕೂದಲೆಳೆಯಷ್ಟೇ ಬಲಕ್ಕೆ ತನ್ನಿ. ಬಲ್ಬ್ ಹತ್ತಿದ ಕ್ಷಣಕ್ಕೆ ನಿಲ್ಲಿಸಿ, ಬೋಲ್ಟ್ ಬಿಗಿಯಿರಿ. ಅತಿಯಾಗಿ ಬಿಗಿದರೆ ಕ್ಲ್ಯಾಂಪ್ ತಟ್ಟೆ ಸೊಟ್ಟಗಾಗಿ ಮುಂದೆ ಎಂದೂ ಹಿಡಿಯುವುದಿಲ್ಲ.

ಇಷ್ಟಕ್ಕೆ ಮುಗಿಸಬೇಡಿ. ಎಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಗುರುತಿನ ಬಳಿ ನಿಧಾನ ತನ್ನಿ. ಬಲ್ಬ್ ಸರಿಯಾಗಿ ಅದೇ ಅಂಕಿಯಲ್ಲಿ ಹತ್ತಬೇಕು. ಬೋಲ್ಟ್ ಬಿಗಿಯುವಾಗ ಮೈ ಅಲುಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಕೆಲಸ ಮುಗಿದ ಕೂಡಲೇ ಕೀ ಆಫ್. ಪಾಯಿಂಟ್ ಮುಚ್ಚಿರುವಾಗ ಕೀ ಆನ್ ಬಿಟ್ಟು ಹೋದರೆ ಕಾಯಿಲ್ ಕಾದು ಹಾಳಾಗುತ್ತದೆ.

ಸಣ್ಣ ತಿದ್ದುಪಡಿಗೆ ಆ ಗೀರು ನಟ್ಟೇ ಸಾಕು. ಅದರ ಬಳಿ ಎ ಮತ್ತು ಆರ್ ಎಂಬ ಇಂಗ್ಲಿಷ್ ಅಕ್ಷರಗಳಿವೆ, ಅಡ್ವಾನ್ಸಿಗೆ ಎ ಕಡೆಗೆ, ರಿಟಾರ್ಡಿಗೆ ಆರ್ ಕಡೆಗೆ. 11 ಕ್ಲಿಕ್ ಸುಮಾರು 1 ಡಿಗ್ರಿ, ಪಟ್ಟಿಯ ಒಂದು ಗೀಟು ಸುಮಾರು 5 ಡಿಗ್ರಿ.

ಸ್ಟ್ರೋಬ್ ಲೈಟ್ ಇದ್ದರೆ

ಬಲ್ಬ್ ನಿಂತ ಎಂಜಿನ್ನಿನ ಕಥೆ ಹೇಳುತ್ತದೆ, ಕಿಡಿ ಹೋದಾಗಲೆಲ್ಲ ಮಿನುಗುವ ಸ್ಟ್ರೋಬ್ ಲೈಟ್ ಓಡುವ ಎಂಜಿನ್ನಿನದು. ಎಂಜಿನ್ ಬಿಸಿಯಾಗಲಿ. ವ್ಯಾಕ್ಯೂಮ್ ಪೈಪ್ ಕಳಚಿ ಕಾರ್ಬ್ಯುರೇಟರ್ ಕಡೆಯ ತೂತು ಮುಚ್ಚಿ. ಒಂದನೇ ಪ್ಲಗ್ ವಯರಿಗೆ ಲೈಟ್ ಸಿಕ್ಕಿಸಿ. 600 ಆರ್‌ಪಿಎಂ ಆಸುಪಾಸಿನಲ್ಲಿ ಓದಿ, ಅದಕ್ಕಿಂತ ಮೇಲೆ ತೂಕಗಳು ಕೆಲಸ ಶುರುಮಾಡಿ ಅಂಕಿ ಕಲಸಿಹೋಗುತ್ತದೆ. ಸ್ಟ್ರೋಬ್ ಬೆಳಕಿನಲ್ಲಿ ಫ್ಯಾನ್ ನಿಂತಂತೆ ಕಾಣಬಹುದು. ಸಡಿಲ ಅಂಗಿ ತೋಳು, ಪಂಚೆ, ದುಪಟ್ಟಾ ಹತ್ತಿರ ಬರಬಾರದು.

ನಿಧಾನವಾಗಿ ವೇಗ ಏರಿಸಿ. ಕಚ್ಚು ನಯವಾಗಿ ಅಡ್ವಾನ್ಸ್ ಕಡೆಗೆ ಸರಿಯಬೇಕು, ವೇಗ ಇಳಿಸಿದಾಗ ಮರಳಬೇಕು. ಹಾರಿ ಹಾರಿ ಹೋದರೆ ತೂಕ ಅಂಟುತ್ತಿದೆ. ಒಂದೇ ವೇಗದಲ್ಲಿ ಹಿಡಿದಿದ್ದರೂ ಕಚ್ಚು ಅತ್ತಿತ್ತ ನಡುಗಿದರೆ ಶಾಫ್ಟ್ ಬುಷ್ ಅಥವಾ ಟೈಮಿಂಗ್ ಚೈನ್. ಮೇಲ್ವೇಗದಲ್ಲಿ ವ್ಯಾಕ್ಯೂಮ್ ಇಲ್ಲದೆ ಒಟ್ಟು ಅಡ್ವಾನ್ಸ್ ಸುಮಾರು 30-32 ಡಿಗ್ರಿಗೆ ನಿಂತರೆ ಈ ಮನೆತನದ ಎಂಜಿನ್ನುಗಳಿಗೆ ಸಾಕು. ಸ್ಪ್ರಿಂಗ್ ಬದಲಾದ ಡಿಸ್ಟ್ರಿಬ್ಯೂಟರ್ ಅದನ್ನು ದಾಟುತ್ತದೆ, ಆಗ ಹೆದ್ದಾರಿಯಲ್ಲಿ ಪಿಸ್ಟನ್ ಪೆಟ್ಟು ತಿನ್ನುತ್ತದೆ. ಎಂಜಿನ್ ಮತ್ತು ಗಾಳಿಯ ಸದ್ದಿನಲ್ಲಿ ಅದು ಕೇಳಿಸುವುದೂ ಇಲ್ಲ.

ಕಿವಿಯ ಲೆಕ್ಕ ಈಗ ಏಕೆ ತಪ್ಪುತ್ತದೆ

ಟಾಪ್ ಗೇರಿನಲ್ಲಿ 40 ಕಿಮೀ ವೇಗದಿಂದ ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ, ಕಿಣಿಕಿಣಿ ಬರುವ ತನಕ ಅಡ್ವಾನ್ಸ್ ಕೊಟ್ಟು, ಸದ್ದು ನಿಲ್ಲುವಷ್ಟು ಹಿಂದಕ್ಕೆ ತರುವುದು ಹಳೆಯ ಮೇಸ್ತ್ರಿಗಳ ಪದ್ಧತಿ. ಅವರ ಕಾಲದ ಪೆಟ್ರೋಲಿಗೆ ಅದು ಸರಿಯಾಗಿತ್ತು. ಸದ್ದು ಬರುವ ಜಾಗ ಮತ್ತು ಎಂಜಿನ್ ಚೆನ್ನಾಗಿ ಎಳೆಯುವ ಜಾಗ ಆಗ ಹತ್ತಿರ ಹತ್ತಿರ ಇದ್ದವು. ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್, ಆಕ್ಟೇನ್ ಹೆಚ್ಚು. ಕಡಿಮೆ ಕಂಪ್ರೆಷನ್ನಿನ ಈ ಎಂಜಿನ್ ಅತ್ಯುತ್ತಮ ಟೈಮಿಂಗ್ ದಾಟಿ ಬಹಳ ಮುಂದೆ ಹೋದರೂ ಕಿಣಿಕಿಣಿ ಎನ್ನುವುದಿಲ್ಲ. ಸದ್ದಿಗಾಗಿ ಕಾದರೆ ಅಡ್ವಾನ್ಸ್ ಅತಿಯಾಗುತ್ತದೆ: ಐಡ್ಲಿಂಗ್ ಒರಟು, ಸ್ಟಾರ್ಟರ್ ಒದೆತ, ಬೇರಿಂಗಿಗೆ ಹೊರೆ. ಆದ್ದರಿಂದ ಮೊದಲು ಅಂಕಿಗೆ ಹೊಂದಿಸಿ, ರಸ್ತೆಯಲ್ಲಿ 1-2 ಡಿಗ್ರಿ ತಿದ್ದುವುದಕ್ಕೆ ಮಾತ್ರ ಕಿವಿಯನ್ನು ಬಳಸಿ.

ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನ ಕಾರ್ಬ್ಯುರೇಟರಿಗೆ ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣ ನಿಧಾನ ಉರಿಯುತ್ತದೆ, ಹಾಗಾಗಿ ಮಂಕು ಪಿಕಪ್, ಹೆಚ್ಚು ಬಿಸಿ, ಕಾರ್ಬ್ಯುರೇಟರಿನಲ್ಲಿ ಸೀನು ಎಲ್ಲವೂ ತಡವಾದ ಟೈಮಿಂಗಿನಂತೆಯೇ ಕಾಣುತ್ತವೆ. ಚೋಕ್ ಅರ್ಧ ಎಳೆದಾಗ ಗಾಡಿ ಚೆನ್ನಾಗಿ ಎಳೆದರೆ ದೋಷ ಮಿಶ್ರಣದಲ್ಲಿದೆ, ಡಿಸ್ಟ್ರಿಬ್ಯೂಟರ್ ಮುಟ್ಟಬೇಡಿ.

ಎತ್ತರದ ಲೆಕ್ಕವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಗಾಳಿ ತೆಳುವಾದ್ದರಿಂದ ಸಿಲಿಂಡರಿನಲ್ಲಿ ಒತ್ತಡವೂ ಕಡಿಮೆ, ಕಿಣಿಕಿಣಿ ತಡವಾಗಿ ಬರುತ್ತದೆ. ಇಲ್ಲಿ ಕಿವಿಯಿಂದ ಅಂಚಿಗೆ ಹೊಂದಿಸಿದ ಗಾಡಿ ಶಿರಾಡಿ ಇಳಿದು ಮಂಗಳೂರಿನ ಸೆಕೆಯಲ್ಲಿ ಜನ ತುಂಬಿಕೊಂಡು ಏರು ಹತ್ತಿದರೆ ಸದ್ದು ಮಾಡುತ್ತದೆ. ಕರಾವಳಿಗೆ ಹೋಗಿಬರುವ ಗಾಡಿಗೆ 1-2 ಡಿಗ್ರಿ ಕಡಿಮೆ ಇಟ್ಟುಕೊಳ್ಳುವುದು ಒಳ್ಳೆಯದು. ವ್ಯಾಕ್ಯೂಮ್ ಗೇಜ್ ಬಳಸುವವರೂ ಇದನ್ನು ಗಮನಿಸಬೇಕು: ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು (ಪಾದರಸದ ಲೆಕ್ಕದಲ್ಲಿ) ಓದು ಇಳಿಯುತ್ತದೆ. ಮಂಗಳೂರಿನಲ್ಲಿ 18 ತೋರಿಸುವ ಎಂಜಿನ್ ಬೆಂಗಳೂರಿನಲ್ಲಿ 15 ತೋರಿಸಿದರೆ ಅದು ದೋಷವಲ್ಲ.

ಅಂಕಿ ಸರಿಬಂದರೂ ಗಾಡಿ ಸರಿಯಿಲ್ಲದಿದ್ದರೆ

ಕ್ಯಾಪ್ ತೆಗೆದು ಕ್ರ್ಯಾಂಕನ್ನು ಮುಂದಕ್ಕೆ ತಿರುಗಿಸಿ ನಿಲ್ಲಿಸಿ, ನಂತರ ಹಿಂದಕ್ಕೆ ತಿರುಗಿಸುತ್ತ ರೋಟರ್ ಅಲುಗಲು ಎಷ್ಟು ಡಿಗ್ರಿ ಬೇಕೆಂದು ಪುಲ್ಲಿಯಲ್ಲಿ ನೋಡಿ. ಹತ್ತರ ಹತ್ತಿರ ಹೋದರೆ ಟೈಮಿಂಗ್ ಚೈನ್ ಎಳೆದುಕೊಂಡಿದೆ. ಆಗ ವಾಲ್ವ್ ಟೈಮಿಂಗೂ ತಡವಾಗಿರುತ್ತದೆ, ಅದನ್ನು ಇಗ್ನಿಷನ್ನಿನಿಂದ ಸರಿದೂಗಿಸಲಾಗದು.

ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ ಸ್ಟಾರ್ಟೇ ಆಗದೆ ಕಾರ್ಬ್ಯುರೇಟರಿನಲ್ಲಿ ಉಗುಳಿದರೆ, ರೋಟರ್ ಒಂದರ ಬದಲು ನಾಲ್ಕನೇ ವಯರಿನ ಕಡೆ ಮುಖಮಾಡಿದೆಯೇ ನೋಡಿ. ಡಿಸ್ಟ್ರಿಬ್ಯೂಟರಿನ ಬುಡದ ನಾಲಿಗೆ ನಡುವಿನಿಂದ ಸ್ವಲ್ಪ ಪಕ್ಕಕ್ಕಿರುವುದರಿಂದ ಅದು ಒಂದೇ ರೀತಿ ಕೂರುತ್ತದೆ, ತಲೆಕೆಳಗಾಗಿ ಕೂರುವುದು ಅದರ ಕೆಳಗಿನ ಡ್ರೈವ್ ಗೇರ್. ತುರ್ತಿಗೆ ಕ್ಯಾಪಿನ ವಯರುಗಳನ್ನು ಅರ್ಧ ಸುತ್ತು ಸರಿಸಿ, ಎಡಸುತ್ತಿಗೆ 1-3-4-2 ಬರುವಂತೆ ಹಾಕಿ ಓಡಿಸಬಹುದು. ಆದರೆ ಮುಂದೆ ಆ ಗಾಡಿ ಮುಟ್ಟುವವರಿಗೆ ಅದು ಬಲೆ. ಡಿಸ್ಟ್ರಿಬ್ಯೂಟರ್ ಮತ್ತು ಅದರ ಕೆಳಗಿನ ಗೂಡು ತೆಗೆದು, ಗೇರಿನ ನಡುವಿನ ತೂತಿಗೆ ಸುಮಾರು ಮೂರೂವರೆ ಇಂಚು ಉದ್ದದ 5/16 ಯುಎನ್‌ಎಫ್ ಬೋಲ್ಟ್ ತಿರುಪಿ ಮೇಲೆತ್ತಿದರೆ ಗೇರ್ ತಿರುಗುತ್ತ ಹೊರಬರುತ್ತದೆ. ಹಾಕುವಾಗಲೂ ಹಲ್ಲಿನ ಓರೆಯಿಂದ ತಿರುಗುತ್ತಲೇ ಇಳಿಯುತ್ತದೆ, ಆ ತಿರುವಿನಷ್ಟು ಮೊದಲೇ ಹಿಂದಕ್ಕೆ ಇಟ್ಟು ಇಳಿಸಿ. ಒಂದು ಹಲ್ಲು ತಪ್ಪಿದರೆ ಮೈ ತಿರುಗಿಸಿದರೂ ಅಂಕಿಗೆ ಬಾರದೆ ವ್ಯಾಕ್ಯೂಮ್ ಡಬ್ಬಿ ಬ್ಲಾಕಿಗೆ ತಾಗುತ್ತದೆ. ಹಾಗೆ ತಾಗಿದರೆ ಬಲವಂತ ಮಾಡದೆ ಗೇರನ್ನು ಮತ್ತೆ ಎತ್ತಿ ಒಂದು ಹಲ್ಲು ಸರಿಸಿ ಕೂರಿಸಿ, ಪಾಯಿಂಟ್ ಗ್ಯಾಪಿನಿಂದ ಮತ್ತೆ ಶುರುಮಾಡಿ.